ತಗಡಿನ ಗೋಡೆಗೆ ಬೆಂಡಿನ ಡಬ್ಬಿ

"ಹಗುರ ಇರಬೇಕು ಮಾರಾಯ. ನಮ್ಮದು ತಗಡಿನ ಗೋಡೆ, ಮರದ ಡಬ್ಬಿ ತಡ್ಕೊಳಲ್ಲ" ಅಂತ ತಮ್ಮ ರೇಡಿಯೋಗೆ ಸ್ಪೀಕರ್ ಡಬ್ಬಿ ಮಾಡಲು ಹೇಳಿದ್ದವರು ಭದ್ರಾವತಿಯ ಹೋಟೆಲಿನ ರುದ್ರಪ್ಪನವರೇ. ನಾನು ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಅರವತ್ತರ ದಶಕದ ಮಾತು. ಥರ್ಮೋಕೋಲ್ ಆಗ ಹೊಸದು; ನಾವು ಬಿಳಿ ಬೆಂಡು ಅನ್ನುತ್ತಿದ್ದೆವು. ಅದನ್ನೇ ಕೊಯ್ದು, ಮೈದಾ ಅಂಟು ಹಾಕಿ, ಮೇಲೆ ಕಾಗದ ಸುತ್ತಿ, ಒಳಗೆ ಸ್ಪೀಕರ್ ಕೂರಿಸಿಕೊಂಡು ಹೋದೆ.

ರುದ್ರಪ್ಪನವರು ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿದರು. ಮುಖ ಸಪ್ಪೆಯಾಯಿತು.

"ಸ್ಪೀಕರ್ ಡಬ್ಬಿ ಕೇಳಿದ್ರೆ ಬಾಸಿಂಗ ಮಾಡ್ಕೊಂಡು ಬಂದಿದೀಯಲ್ಲೋ! ಯಾರ ಮದುವೆ?"

ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕೂತವರೆಲ್ಲ ನಕ್ಕರು. ದಿನವಿಡೀ ಕಬ್ಬಿಣದ ಜೊತೆ ಗುದ್ದಾಡುವವರು ಬೆಂಡನ್ನು ನಂಬುತ್ತಾರೆಯೇ? ಡಬ್ಬಿಯನ್ನು ಗೋಡೆಯ ಹಲಗೆ ಮೇಲಿಟ್ಟು, ತಂತಿ ಜೋಡಿಸಿ ರೇಡಿಯೋ ಹಾಕಿದೆ. ಹಾಡು ಚೆನ್ನಾಗಿಯೇ ಬಂತು. ಆದರೆ ಡೋಲು ಶುರುವಾದದ್ದೇ ತಡ, ಡಬ್ಬಿ ಗಡಗಡ ನಡುಗುತ್ತಾ ಹಲಗೆಯ ಅಂಚಿನತ್ತ ಜರುಗತೊಡಗಿತು. ಕೆಳಗೆ ಕುದಿಯುವ ಸಾಂಬಾರು.

ರುದ್ರಪ್ಪನವರು ಆಲೂಗೆಡ್ಡೆ ತೂಗುವ ದೊಡ್ಡ ಕಬ್ಬಿಣದ ಬಟ್ಟನ್ನು ತಂದು ಡಬ್ಬಿಯ ನೆತ್ತಿಯ ಮೇಲೆ ಕೂರಿಸಿದರು. ನಡುಕ ನಿಂತಿತು. ಡೋಲು ಹೋಟೆಲ್ ತುಂಬಾ ಗುಂಯ್ ಎಂದಿತು.

"ಹಾಂ, ಈಗ ಡಬ್ಬಿ ಆಯ್ತು ನೋಡು! ನಮ್ಮೂರ ಕಬ್ಬಿಣ ಸೇರದೆ ಯಾವುದೂ ಸರಿಹೋಗಲ್ಲ."

ಅಬ್ಬಾ ಎಂದು ಉಸಿರು ಬಿಟ್ಟೆ. ಗೋಡೆಯ ಮೇಲೆ ಈಗ ಮರದ ಡಬ್ಬಿಗಿಂತ ಹೆಚ್ಚು ಭಾರ ಕೂತಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರೇ ಕೊಟ್ಟ ಕಾಫಿಯ ಜೊತೆ ಅದನ್ನೂ ನುಂಗಿಕೊಂಡೆ.