ಕಂಟ್ರೋಲರರ ಆಮೆನ್

ನಮ್ಮ ಮನೆಯವರು ಪ್ರಾರ್ಥನೆಗೆ ನಿಂತರೆಂದರೆ ನಾನು ಮೊದಲು ಹೋಗಿ ಒಲೆ ಆರಿಸಿ ಬರುತ್ತಿದ್ದೆ. ಇಲ್ಲದಿದ್ದರೆ ಅನ್ನ ತಳ ಹಿಡಿಯುವುದು ಗ್ಯಾರಂಟಿ. ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಮೈಕಿನಲ್ಲಿ ಬಸ್ಸುಗಳನ್ನು ಕೂಗಿ ಕೂಗಿಯೇ ನಿವೃತ್ತರಾದ ಮನುಷ್ಯ. ದೇವರ ಹತ್ತಿರವೂ ಅದೇ ದನಿ. “ಕರ್ತನೇ, ದಯವಿಟ್ಟು ಗಮನಿಸು” ಎಂದೇ ಶುರು. ಆಮೇಲೆ ಊರೂರಿನ ವಿಶ್ವಾಸಿಗಳನ್ನು ಆಶೀರ್ವದಿಸಲು ಹೊರಡುವರು: ತಡಸ, ಆಡೂರು, ಹಾನಗಲ್ಲು, ಹಿರೇಕೆರೂರು, ಸವಣೂರಿನ ಮೇಲೆ ವಾಪಸ್ ಶಿಗ್ಗಾಂವಿ. ಒಂದು ಸ್ಟಾಪೂ ಬಿಡುವವರಲ್ಲ. ಆಡೂರಿನಲ್ಲಿ ನಮಗೆ ಗೊತ್ತಿದ್ದವರು ಒಬ್ಬರೂ ಇಲ್ಲವಲ್ಲ ಎಂದರೆ, “ಇರ್ಲಿ, ಯಾರರ ಹತ್ತಿದ್ರ?” ಎನ್ನುವರು.

“ರೀ, ಸಾಕ್ ಮಾಡ್ರಿ, ದೇವ್ರಿಗೂ ಹೊಟ್ಟಿ ಹಸೀತೈತಿ” ಎಂದು ನಾನು ಬೆನ್ನಿಗೆ ತಿವಿಯುತ್ತಿದ್ದೆ. ಅವರು ಅಲ್ಲಾಡುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಕೈಕಾಲು ಮೆಲ್ಲಗೆ ದಾರಿಗೆ ಬಂದವು, ಮಾತು ಬರಲಿಲ್ಲ. ಹುಬ್ಬಳ್ಳಿಯ ಡಾಕ್ಟರು, ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ಇಷ್ಟು ಕೇಳಲು ಹುಬ್ಬಳ್ಳಿತನಕ ಹೋಗಬೇಕಿತ್ತೇ? ನಮ್ಮ ಎದುರುಮನೆ ಅಕ್ಕನೂ ಇದನ್ನೇ ಹೇಳುತ್ತಿದ್ದಳು, ಮೇಲೆ ಚಹಾ ಬೇರೆ ಕೊಟ್ಟು.

ಮಾತಿಲ್ಲದ ಆ ಮನೆ ನನಗೆ ತಿನ್ನಲಿಕ್ಕೆ ಬರುತ್ತಿತ್ತು. ರೊಟ್ಟಿ ಬಡಿಯುವಾಗ ದೇವರ ಜೊತೆ ಜಗಳಕ್ಕೆ ಕೂಡುತ್ತಿದ್ದೆ. “ದಿನಾ ನಿನ್ನ ಹೆಸರು ಕೂಗೂ ಬಾಯಿನ ಕಟ್ಟಿ ಹಾಕಿದೆಲ್ಲೋ, ಕೇಳಿ ಕೇಳಿ ಬ್ಯಾಸರಾತೇನ ನಿನಗ?” ಜಗಳ ಜೋರಾದ ದಿನ ರೊಟ್ಟಿ ಹರಿದುಹೋಗುತ್ತಿತ್ತು. ಆಮೇಲೆ ನಿಲ್ದಾಣದ ನೆನಪಾಗುತ್ತಿತ್ತು. ಬಸ್ಸು ಎಲ್ಲಿದೆಯೆಂದು ತಮಗೇ ಗೊತ್ತಿಲ್ಲದಾಗಲೂ ಇವರು ಕಾದು ಸಿಟ್ಟಿಗೆದ್ದ ಜನರಿಗೆ, “ಬರ್ತೈತ್ರಿ, ಕುಂದರ್ರಿ” ಎನ್ನುತ್ತಿದ್ದರು. ಜನ ಕೂಡುತ್ತಿದ್ದರು. ಬಸ್ಸೂ ಬರುತ್ತಿತ್ತು. ಒಲೆಯ ಮುಂದೆ ಯೇಸುಸ್ವಾಮಿ ನನಗೂ ಹಾಗೆಯೇ ಹೇಳುತ್ತಿದ್ದಾನೆ ಅನ್ನಿಸುತ್ತಿತ್ತು. ಸರಿ, ನಾನೂ ಕೂಡುತ್ತಿದ್ದೆ. ಮತ್ತೇನು ಮಾಡಲಿ?

ನಮ್ಮ ಸಭೆ ಚಿಕ್ಕದು. ಪ್ರತಿ ಬುಧವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಯಾರ ಮನೆಯೋ ಆ ಮನೆಯ ಹಿರಿಯರೇ ಕೊನೆಗೆ ಆಮೆನ್ ಹೇಳಬೇಕು. ಅಲ್ಲಿಯವರೆಗೆ ಪ್ರಾರ್ಥನೆ ಮುಗಿದಂತಲ್ಲ. ನಮ್ಮ ಸರದಿ ಹತ್ತಿರ ಬಂದಾಗ ಪಾಸ್ಟರು, ಪಾಪ, ಇನ್ನೂ ಹುಡುಗು ಪ್ರಾಯದವರು, ಮೆಲ್ಲಗೆ ಅಂದರು: “ಅವ್ವಾರ, ಈ ಸಲ ಆಮೆನ್ ನೀವ ಹೇಳಿಬಿಡ್ರಿ.”

ನನ್ನ ಸಿಟ್ಟು ನೆತ್ತಿಗೇರಿತು. “ಯಾಕ? ಮನಿ ಹಿರ್ಯಾರು ಇಲ್ಲೇ ಕುಂತಾರಲ್ಲ? ಅವ್ರ ಹೇಳ್ತಾರ. ಅವ್ರು ಹೇಳೂತನಕ ನೀವು ಪ್ರಾರ್ಥನಿ ನಡಸ್ರಿ.”

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅವರ ಬಾಯಿಂದ ಏನೂ ಬರದಿದ್ದರೆ? ಅಷ್ಟು ಜನರ ಎದುರು ಅವರು ತಲೆ ತಗ್ಗಿಸಿ ಕೂಡಬೇಕಾಗುತ್ತದೆ, ನನ್ನ ಈ ಬಾಯಿಯ ದೆಸೆಯಿಂದ.

ಬುಧವಾರ ಸಂಜೆ ಎದುರುಮನೆ ಅಕ್ಕ ಹಣೆತುಂಬ ವಿಭೂತಿ ಧರಿಸಿ, ಬುಟ್ಟಿತುಂಬ ಚುರಮುರಿಯ ಗಿರ್ಮಿಟ್ಟು ಕಲಸಿಕೊಂಡು ಬಂದು ನನ್ನ ಪಕ್ಕ ಕೂತಳು. ಪಾಸ್ಟರು ಕಣ್ಣು ಮುಚ್ಚಿ ಶುರು ಮಾಡಿದರು. ರೋಗಿಗಳಿಗೆ, ಮಳೆಗೆ, ಗೋವಿನಜೋಳಕ್ಕೆ, ಪರೀಕ್ಷೆ ಬರೆದವರಿಗೆ ಎಲ್ಲ ಪ್ರಾರ್ಥಿಸಿ ನಿಂತರು. ಆಮೆನ್ ಇಲ್ಲ. ಕೆಮ್ಮಿ, ಪರೀಕ್ಷೆಯಲ್ಲಿ ಫೇಲಾದವರನ್ನು ಹಿಡಿದರು. ಆಮೆನ್ ಇಲ್ಲ. ಯಾರದೋ ಗಬ್ಬದ ಎಮ್ಮೆಯೂ ಪ್ರಾರ್ಥನೆಗೆ ಬಂತು.

ಅಕ್ಕ ಕಿವಿಯಲ್ಲಿ ಪಿಸುಗುಟ್ಟಿದಳು: “ಎಷ್ಟೊತ್ತಬೇ? ಗಿರ್ಮಿಟ್ ಮೆತ್ತಗಾಗಾಕತ್ತೈತಿ.”

“ಸುಮ್ನ ಕುಂದ್ರ ಯವ್ವಾ!”

ಒಂದು ಕಣ್ಣು ತೆರೆದು ನೋಡಿದೆ. ಇವರ ತುಟಿ ಬಿಗಿದಿತ್ತು, ಕಣ್ಣು ಮುಚ್ಚಿತ್ತು, ಕೈ ಮೊಣಕಾಲ ಮೇಲಿತ್ತು. ಕರ್ತನೇ, ಆಮೆನ್ ಬೇಡ, ಒಂದು ಹೂಂಕಾರವಾದರೂ ಕೊಡು, ಇನ್ನು ನಿನ್ನ ಸಂಗಡ ಜಗಳವಾಡುವುದಿಲ್ಲ ಎಂದೆ. ಅದು ಸುಳ್ಳೆಂದು ಅವನಿಗೂ ಗೊತ್ತಿರಬೇಕು.

ಪಾಸ್ಟರ ಬಳಿ ಸರಕು ಮುಗಿದಿತ್ತು. ಕೊನೆಗೆ ನಮ್ಮವರ ಹಳೆಯ ದಾರಿಯನ್ನೇ ಹಿಡಿದರು. ತಡಸದ ವಿಶ್ವಾಸಿಗಳನ್ನು ಆಶೀರ್ವದಿಸು ತಂದೆಯೇ, ಎಂದರು. ಇವರ ಬೆರಳು ಮೊಣಕಾಲ ಮೇಲೆ ಒಮ್ಮೆ ಆಡಿತು. ಆಡೂರು. ಮತ್ತೆ ಆಡಿತು. ಹಾನಗಲ್ಲು, ಹಿರೇಕೆರೂರು.

“ಈಗ ನಮ್ಮ ಶಿಗ್ಗಾಂವಿಗೆ ಹೊಳ್ಳಿ ಬಂದೇವಿ ತಂದೆಯೇ…”

“ಸ… ಸವಣೂರ!”

ಎಲ್ಲರ ಕಣ್ಣೂ ಒಟ್ಟಿಗೆ ತೆರೆದವು. ಇವರು ಮುಖ ಕೆಂಪಗೆ ಮಾಡಿಕೊಂಡು ಪಾಸ್ಟರನ್ನು ದುರುಗುಟ್ಟಿ ನೋಡುತ್ತಿದ್ದರು, ಸ್ಟಾಪ್ ಬಿಟ್ಟು ಬಂದ ಡ್ರೈವರನನ್ನು ನೋಡುತ್ತಿದ್ದ ಹಾಗೆಯೇ. ಪಾಸ್ಟರು ಎರಡೂ ಕೈ ಎತ್ತಿ, “ಸ್ತೋತ್ರ! ಸ್ತೋತ್ರ!” ಎಂದು ಕೂಗಿದರು.

ನಾನು ಅಳುತ್ತಲೇ ಗದರಿದೆ: “ಸ್ತೋತ್ರ ಆಮ್ಯಾಲ ಮಾಡ್ರಿ. ಸವಣೂರು ಬಿಟ್ಟೀರಿ. ಗಾಡಿ ಹಿಂದಕ್ಕ ತಗೋರಿ!”

ಪಾಸ್ಟರು ಸವಣೂರಿಗೆ ಹೋಗಿ, ಅಲ್ಲಿಯವರನ್ನೆಲ್ಲ ಆಶೀರ್ವದಿಸಿ, ಶಿಗ್ಗಾಂವಿಗೆ ಮರಳಿ ಬಂದು ನಿಂತರು. ಇವರು ಉಗುಳು ನುಂಗಿದರು. ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು. ಆಮೇಲೆ ಬಸ್ಸು ಬಿಡುವಾಗಿನಂತೆ ಕೈ ಎತ್ತಿ ಅಂದರು:

“ರೈಟ್.”

ಯಾರೂ ಏಳಲಿಲ್ಲ. ಇದು ಆಮೆನ್ ಹೌದೋ ಅಲ್ಲವೋ ಎಂದು ಪಾಸ್ಟರು ನನ್ನ ಮುಖ ನೋಡಿದರು. “ಮುಗೀತಲ್ಲ, ಇನ್ನೇನು? ಏಳ್ರಿ!” ಎಂದೆ. ಅಕ್ಕ ಎಲ್ಲರಿಗಿಂತ ಮೊದಲು ಎದ್ದಳು. ಗಿರ್ಮಿಟ್ಟು ಅಂಬಲಿಯಂತಾಗಿತ್ತು. ಒಬ್ಬರೂ ಬಿಡದೆ ತಿಂದರು.

ಎಲ್ಲರೂ ಹೋದ ಮೇಲೆ ನಾನು ಇವರ ಮುಂದೆ ನಿಂತು ಕೇಳಿದೆ: “ರೀ, ಉಳಿದ ಮಾತು ಯಾವಾಗ ಬರ್ತಾವ್ರಿ?”

ಇವರು ನನ್ನನ್ನು ನೋಡಿ ನಕ್ಕರು. ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ ತೋರಿಸಿದರು.

ಕೂತೆ.