ಒಂದೇ ಸಲದ ಮಂತ್ರ

ನಮ್ಮ ಮನೆಯಲ್ಲಿ ಪೊರಕೆ ಕಾಣೆಯಾದರೆ ಯಾರೂ ಹುಡುಕುವುದಿಲ್ಲ. ನಾನು ಅಕ್ಕ ಎಂದು ಕರೆಯುವ ನನ್ನ ಓರಗಿತ್ತಿ ಬರೆಯಲು ಕೂತಿದ್ದಾಳೆ ಎಂದು ತಿಳಿದುಕೊಳ್ಳುತ್ತೇವೆ. ಅವಳು ಬರೆಯುವುದೆಲ್ಲ ಮಾಟಗಾತಿಯರ ಕಾದಂಬರಿ, ಪೊರಕೆ ಏರಿದವಳಿಗೆ ಸೊಂಟ ಎಲ್ಲಿ ನೋಯುತ್ತದೆ ಎಂಬುದನ್ನು ತಾನೇ ಕೂತು ನೋಡದೆ ಒಂದು ಸಾಲೂ ಬರೆಯುವವಳಲ್ಲ. ಅಡುಗೆ ತಳ ಹಿಡಿದ ದಿನ ಅಧ್ಯಾಯ ಚೆನ್ನಾಗಿ ಬಂದಿದೆ ಎಂದೇ ಅರ್ಥ. "ಇವತ್ತು ಯಾರನ್ನ ಕಪ್ಪೆ ಮಾಡಿದೆ?" ಎಂದು ಭಾವ ಕೆಣಕಿದರೆ, "ನಿಮ್ಮ ಸರದೀನೂ ಬರುತ್ತೆ, ಸುಮ್ನೆ ಊಟ ಮಾಡಿ" ಎನ್ನುತ್ತಾಳೆ. ಶಾಪಗಳಿಗಾಗಿ ಅವಳು ಎಲ್ಲೂ ತಡಕಾಡಬೇಕಾಗಿಲ್ಲ. "ಇಷ್ಟು ಹಳೇ ವಿದ್ಯೆ ನಿಮ್ಮನ್ನ ಬಿಟ್ರೆ ಯಾರ ಹತ್ರ ಇದೆ ಅತ್ತೆ?" ಎಂದು ಪೂಸಿ ಹೊಡೆದು ಅತ್ತೆಯ ಬಾಯಿಂದ ಹೊಸ ಹೊಸ ಬೈಗುಳ ಹೊರಡಿಸುತ್ತಾಳೆ. ಒಂದು ವಿಷಯದಲ್ಲಿ ಮಾತ್ರ ಅವಳದು ಹಠ: ಅವಳ ಮಾಟಗಾತಿಯರು ಮಂತ್ರವನ್ನು ಒಂದೇ ಸಲ ಹೇಳುತ್ತಾರೆ, ಎರಡನೇ ಸಲ ಬಾಯಿಬಿಟ್ಟರೆ ಶಕ್ತಿಯೆಲ್ಲ ಹೋಯಿತು. ಹೀಗೆ ಬರೆದವಳೇ ಎದ್ದು ಹೋಗಿ "ಊಟಕ್ಕೆ ಬನ್ನಿ" ಎಂದು ನಾಲ್ಕು ಸಲ ಕೂಗುತ್ತಾಳೆ. ಗಂಡಸರು ಟೀವಿಯಿಂದ ಕಣ್ಣು ಕೀಳುವುದಿಲ್ಲ. ಬರೆದದ್ದನ್ನು ಮೊದಲು ಕೇಳುವ ಹಕ್ಕು ಅತ್ತೆಯದು. ಮೊನ್ನೆಯ ಅಧ್ಯಾಯದಲ್ಲಿ ಮುದಿ ಮಾಟಗಾತಿಯೊಬ್ಬಳು ಹೊಳೆಗೆ "ಹಿಂದಕ್ಕೆ ಹೋಗು" ಎಂದಳು, ಹೊಳೆ ತಿರುಗಿ ಬೆಟ್ಟ ಹತ್ತಿತು. ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು. "ಹೊಳೆ ಬೆಟ್ಟ ಹತ್ತಿರಬಹುದು ಬಿಡು," ಎಂದರು, "ಆದ್ರೆ ಹೆಂಗಸು ಒಂದೇ ಸಲ ಹೇಳಿದ್ದು ನಡೀತು ಅಂದ್ರೆ ಯಾರಮ್ಮ ನಂಬ್ತಾರೆ?"