ಸೆಲ್ಫ್ ಎತ್ತದ ಬ್ಯಾಟರಿ

ಅಂಗಡಿಗೆ ಹೋಗಿ, ಕೆಟ್ಟ ಬ್ಯಾಟರಿಯೇ ಬೇಕೆಂದು ಕೇಳಿ ತಂದವಳು ನಾನು. ಮೋಸ ಹೋಗಿ ತಂದದ್ದಲ್ಲ. ಪರೀಕ್ಷೆ ಮಾಡಿಸಿ, ಕೆಟ್ಟಿದೆ ಎಂದು ಖಾತ್ರಿ ಮಾಡಿಕೊಂಡು ತಂದದ್ದು. ಹೇಳಿದರೆ ಕೇಳಿದವರಿಗೆ ನಗು ಬರಬಹುದು. ನನಗೆ ಬರುವುದಿಲ್ಲ.

ಬ್ಯಾಟರಿ ಬೇಕಾಗಿದ್ದದ್ದು ನಮ್ಮ ಯಜಮಾನರ ಕಾರಿಗೆ. ಕಾರೆಂದರೆ ಈಗ ಬೀದಿ ತುಂಬ ನಿಂತಿರುತ್ತವಲ್ಲ, ಅಂಥದ್ದಲ್ಲ. ಇಬ್ಬರೇ ಕೂರಬಹುದಾದ, ಟಾಪು ಮಡಚಿ ಹಿಂದಕ್ಕೆ ಹಾಕಬಹುದಾದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವ ಹಳೇ ವಿಲಾಯಿತಿ ಸ್ಪೋರ್ಟ್ಸ್ ಕಾರು. ವೈಟ್‌ಫೀಲ್ಡಿನ ಹಳೆಯ ಬಂಗಲೆಯೊಂದರ ಶೆಡ್ಡಿನಲ್ಲಿ ಅದು ಕೋಳಿಗೂಡಾಗಿತ್ತು. ಬಂಗಲೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವವರು ಅದನ್ನು ಗುಜರಿಗೆ ಹಾಕಲು ಹೊರಟಿದ್ದಾಗ ಇವರು ಲಾರಿ ಮಾಡಿಕೊಂಡು ಹೋಗಿ ಪೀಣ್ಯದ ನಮ್ಮ ಮನೆಗೆ ಹೊತ್ತು ತಂದರು. ಡ್ರೈವರ್ ಸೀಟಿನ ಸ್ಪ್ರಿಂಗುಗಳ ನಡುವೆ ಎರಡು ಮೊಟ್ಟೆ ಇದ್ದವು. "ನೋಡೇ, ಬೋನಸ್ಸು" ಎಂದರು. ಎರಡು ದಿನ ನಾನು ಅವರೊಂದಿಗೆ ಮಾತಾಡಲಿಲ್ಲ.

ನಾವಿಬ್ಬರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇವರು ಎಲೆಕ್ಟ್ರಿಕಲ್ ಮೇಂಟೆನೆನ್ಸ್, ನಾನು ಇನ್‌ಸ್ಪೆಕ್ಷನ್. ತಯಾರಾಗಿ ಬಂದ ಮಾಲನ್ನು ಅಳೆದು, ನೋಡಿ, ಪಾಸ್ ಅಥವಾ ರಿಜೆಕ್ಟ್ ಎಂದು ಚೀಟಿ ಅಂಟಿಸುವುದು ನನ್ನ ಕೆಲಸ. ನಾನು ರಿಜೆಕ್ಟ್ ಮಾಡಿದ್ದನ್ನು ಪಾಸ್ ಮಾಡಿಸಲು ಫೋರ್‌ಮನ್‌ಗಳು ಬಂದು ಗೋಗರೆದರೂ ನಾನು ಜಗ್ಗುತ್ತಿರಲಿಲ್ಲ. ಬೆನ್ನ ಹಿಂದೆ ನನಗೊಂದು ಅಡ್ಡಹೆಸರೂ ಇತ್ತು. ಅದನ್ನು ಇಲ್ಲಿ ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆ ಕಾರನ್ನು ಇವರು ಹನ್ನೆರಡು ವರ್ಷ, ಭಾನುವಾರ ಭಾನುವಾರ ಕೂತು ರಿಪೇರಿ ಮಾಡಿದರು. ಬಾಡಿ ಕೆಲಸ, ಬಣ್ಣದ ಕೆಲಸ ಬೇರೆಯವರಿಂದ ಮಾಡಿಸಿದರು. ವೈರಿಂಗನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಇಲಿಗಳು ತಿಂದು ಬಿಟ್ಟಿದ್ದ ವೈರನ್ನೆಲ್ಲ ಕಿತ್ತೆಸೆದು, ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ನಕ್ಷೆ ಬರೆದುಕೊಂಡು, ಒಂದೊಂದೇ ಎಳೆಯನ್ನು ಹೊಸದಾಗಿ ಎಳೆದರು. ಮೊದಲ ಸಲ ಎಂಜಿನ್ ಗುಡುಗಿದಾಗ ಎದುರು ಮನೆಯವರು ಏನೋ ಸಿಡಿಯಿತೆಂದು ಹೊರಗೆ ಓಡಿ ಬಂದಿದ್ದರು. ಇವರ ಮುಖವನ್ನು ಅವತ್ತು ನೋಡಬೇಕಿತ್ತು. ನಮ್ಮ ಮದುವೆಯ ಫೋಟೋದಲ್ಲೂ ಅಷ್ಟು ಕಳೆ ಇಲ್ಲ.

ಆಮೇಲೆ ಕಣ್ಣಿಗೆ ಗ್ಲಾಕೋಮಾ ಬಂತು. ಎದುರಿಗಿರುವುದು ಸುಮಾರಾಗಿ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಡಾಕ್ಟರು ಗಾಡಿ ಓಡಿಸಬೇಡಿ ಎಂದು ಖಡಾಖಂಡಿತವಾಗಿ ಹೇಳಿದರು. ಇವರು ಅದನ್ನು ಬಸ್ಸು ಲಾರಿ ಓಡಿಸುವವರಿಗೆ ಹೇಳಿದ ಮಾತೆಂದು ಅರ್ಥ ಮಾಡಿಕೊಂಡರು. ಒಂದು ಸಂಜೆ ಮಾಕಳಿಯವರೆಗೆ ಹೋಗಿ ಬರೋಣವೆಂದು ನನ್ನನ್ನೂ ಕೂರಿಸಿಕೊಂಡು ಹೊರಟರು. ಶಿಫ್ಟು ಬಿಟ್ಟ ಹೊತ್ತು. ರಸ್ತೆಯ ಎಡಗಡೆ ಸಾಲಾಗಿ ನಡೆದು ಹೋಗುತ್ತಿದ್ದ ಕಾರ್ಖಾನೆ ಹೆಂಗಸರತ್ತ ಕಾರು ವಾಲಿತು. ನಾನು ಕಿರುಚಿದೆ. ಬ್ರೇಕು ಬೀಳುವಷ್ಟರಲ್ಲಿ ಕನ್ನಡಿ ಒಬ್ಬಳ ಚೀಲಕ್ಕೆ ತಾಗಿ ಊಟದ ಡಬ್ಬಿ ಉರುಳಿ ಹೋಯಿತು.

ನಾನು ಇಳಿದು ಓಡಿದೆ. ಅವಳಿಗೇನೂ ಆಗಿರಲಿಲ್ಲ. ಮುಚ್ಚಳ ಹುಡುಕಿ ಒರೆಸಿಕೊಳ್ಳುತ್ತ, "ಇರ್ಲಿ ಬಿಡ್ರೀ ಅಕ್ಕಾರ, ಡಬ್ಬಿ ಖಾಲಿನ ಇತ್ತ್ರೀ" ಎಂದು ನನಗೇ ಸಮಾಧಾನ ಹೇಳಿದಳು. ಕಾರಿನಲ್ಲಿ ಕೂತಿದ್ದ ಇವರು, "ಎಲ್ಲಿಂದ ಬಂದ್ಬಿಟ್ಲು ಅವ್ಳು?" ಎಂದರು. ಅವಳು ಎಲ್ಲಿಂದಲೂ ಬಂದಿರಲಿಲ್ಲ. ಅಲ್ಲೇ ಇದ್ದಳು.

ಮನೆಗೆ ಬಂದ ಮೇಲೆ ಜಗಳವಾಡಿದೆ. ಅತ್ತು ಕರೆದೆ. ಮೂರು ದಿನ ಊಟಕ್ಕೆ ಕರೆಯದೆ ಬಡಿಸಿಟ್ಟು ಎದ್ದು ಹೋದೆ. "ಆಯ್ತು, ನಮ್ಮ ಲೇಔಟ್ ಒಳಗೆ ಮಾತ್ರ ಓಡಿಸ್ತೀನಿ" ಎನ್ನುವವರೆಗೆ ಬಂದರೇ ಹೊರತು ಅದರಿಂದ ಕೆಳಗೆ ಇಳಿಯಲಿಲ್ಲ. ನಮ್ಮ ಲೇಔಟ್ ಒಳಗೇ ಎರಡು ಶಾಲೆಗಳಿವೆ.

ಅಷ್ಟರಲ್ಲಿ ಕಾರಿನ ಬ್ಯಾಟರಿ ತಾನಾಗಿಯೇ ಸತ್ತಿತು. ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಇವರು ಮಾತ್ರ ಮಾರನೆಯ ಬೆಳಿಗ್ಗೆಯೇ ಒಂದು ಚೀಟಿ ಬರೆದು ಕೈಗಿಟ್ಟರು. ಈ ಕಾರಿನಲ್ಲಿ ಬ್ಯಾಟರಿ ಇರುವುದು ಸೀಟಿನ ಹಿಂದಿನ ಸಣ್ಣ ಗುಳಿಯಲ್ಲಿ. ಅದಕ್ಕೆ ಸಿಕ್ಕಿದ್ದೆಲ್ಲ ಕೂರುವುದಿಲ್ಲ. ಉದ್ದ ಎಷ್ಟು, ಅಗಲ ಎಷ್ಟು, ಎತ್ತರ ಎಷ್ಟು ಮೀರಬಾರದು, ಪ್ಲಸ್ ಯಾವ ಕಡೆಗಿರಬೇಕು, ಎಷ್ಟು ಆಂಪಿಯರ್ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಮುಂಚೆ ಇಂಥದ್ದಕ್ಕೆಲ್ಲ ತಾವೇ ಹೋಗುತ್ತಿದ್ದರು. ಈಗ ಕಣ್ಣಿಗೆ ಹನಿ ಹಾಕಿಕೊಂಡು ಬಿಸಿಲಿಗೆ ಹೋಗುವ ಹಾಗಿರಲಿಲ್ಲ. "ನೀನೇ ಹೋಗ್ಬಾ. ನೀನು ಇನ್‌ಸ್ಪೆಕ್ಷನ್‌ನವಳು, ನಿನಗೆ ಯಾರೂ ಕೆಟ್ಟ ಮಾಲು ದಾಟಿಸಕ್ಕಾಗಲ್ಲ" ಎಂದರು.

ಆಟೋದಲ್ಲಿ ಕೂತಾಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು.

ಅಂಗಡಿಯವರು ನನ್ನ ವಯಸ್ಸಿನವರೇ. ಚೀಟಿ ನೋಡಿ ಟೇಪು ಹಿಡಿದು ಎರಡು ಹೊಸ ಬ್ಯಾಟರಿ ತೆಗೆದಿಟ್ಟರು. ಒಂದು ಅಳತೆಗೆ ಸರಿಯಾಗಿತ್ತು, ಪ್ಲಸ್ ಉಲ್ಟಾ ಇತ್ತು. ಇನ್ನೊಂದು ಎಲ್ಲ ರೀತಿಯಲ್ಲೂ ಸರಿಯಾಗಿತ್ತು. "ಇದು ತಗೊಂಡೋಗಿ ಮೇಡಂ, ಒಂದೇ ಹೊಡೆತಕ್ಕೆ ಸ್ಟಾರ್ಟು" ಎಂದರು. ನನ್ನ ಕಣ್ಣು ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ ಹಳೇ ಬ್ಯಾಟರಿಗಳ ಮೇಲಿತ್ತು. ಅದರಲ್ಲೊಂದು ಅದೇ ಅಳತೆಯದು, ಸ್ಟಿಕ್ಕರು ಕೂಡ ಹೊಸದರಂತೆ ಇತ್ತು.

"ಅದು ಹೇಗಿದೆ?"

"ಅದು ಬೇಡ ಮೇಡಂ, ಹೋಗಿದೆ ಅದು." ಆದರೂ ನನ್ನ ಮುಖ ನೋಡಿ ಮೀಟರು ಹಚ್ಚಿ ತೋರಿಸಿದರು. ಹನ್ನೆರಡೂವರೆ ವೋಲ್ಟ್, ನೋಡಲು ಸರಿಯಾಗಿಯೇ ಇತ್ತು. ಆಮೇಲೆ ಭಾರ ಹೊರಿಸಿ ನೋಡುವ ಲೋಡ್ ಟೆಸ್ಟರಿನ ಎರಡು ಕೊಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರು. ಮುಳ್ಳು ಸೀದಾ ಕೆಳಕ್ಕೆ ಬಿತ್ತು. "ನೋಡಿದ್ರಾ? ಲೈಟ್ ಉರಿಯುತ್ತೆ, ಹಾರ್ನ್ ಹೊಡಿಯುತ್ತೆ. ಎಂಜಿನ್ ತಿರುಗಿಸೋ ಸೆಲ್ಫ್ ಮಾತ್ರ ಎತ್ತಲ್ಲ."

"ಅದನ್ನೇ ಕೊಡಿ" ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಪ್ರದರ್ಶನಕ್ಕೆ ಇಡುವ ಕಾರು, ಓಡಿಸುವುದಿಲ್ಲ, ಲೈಟು ಉರಿದರೆ ಸಾಕು ಎಂದೆಲ್ಲ ನಾನೇ ಕಥೆ ಕಟ್ಟಿದೆ. ಚೆನ್ನಾಗಿ ಒರೆಸಿ ಕೊಡಲೂ ಹೇಳಿದೆ. ಮೇಲೆ ಕಾಣದ, ಒಳಗೆ ಕೂತಿರುವ ದೋಷವನ್ನು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಕಾರ್ಖಾನೆಯಲ್ಲಿ ಇರಲಿಲ್ಲ. ಆ ವಿದ್ಯೆಯನ್ನು ಗಂಡನ ಮೇಲೆ ಪ್ರಯೋಗಿಸಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಆ ಡಬ್ಬಿ ಹೆಂಗಸನ್ನು ನೆನೆಸಿಕೊಂಡು ನಾನು ಮಾಡಿದ್ದು ಸರಿ ಎಂದು ಹೇಳಿಕೊಂಡೆ.

ಮನೆಯಲ್ಲಿ ಇವರು ಬ್ಯಾಟರಿಯ ಮೇಲೆ ಕೈಯಾಡಿಸಿದರು. ತಯಾರಾದ ತಿಂಗಳನ್ನು ಅಂಚಿನಲ್ಲಿ ಸಣ್ಣದಾಗಿ ಒತ್ತಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರು, ಆಗಲಿಲ್ಲ. "ಓದೇ" ಎಂದರು. ನಾನು ಬಗ್ಗಿ, ಹಿಂದಿನ ತಿಂಗಳ ಹೆಸರನ್ನು ಓದಿದೆ. ಅಲ್ಲಿದ್ದದ್ದು ಬೇರೆ. ಇಡೀ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಸುಡುವುದು ಇದೇ. ಅಂಗಡಿಯಲ್ಲಿ ಹೇಳಿದ ಸುಳ್ಳು ಅಪರಿಚಿತರೊಬ್ಬರಿಗೆ ಹೇಳಿದ್ದು. ಇದು ಇವರ ಕಣ್ಣಿಗೆ ಹೇಳಿದ್ದು.

ಸೀಟಿನ ಹಿಂದೆ ಬ್ಯಾಟರಿ ಕೂತಿತು. ಲೈಟು ಉರಿಯಿತು, ಹಾರ್ನ್ ಹೊಡೆಯಿತು. ಕೀ ತಿರುಗಿಸಿದರೆ ಟಿಕ್ ಎಂದು ಸುಮ್ಮನಾಯಿತು.

ಒಂದೆರಡು ದಿನ ಒದ್ದಾಡಿ ಕೈಬಿಡುತ್ತಾರೆಂದು ಲೆಕ್ಕ ಹಾಕಿದ್ದೆ. ಇವರು ಹಳೇ ಖಾಕಿ ಅಂಗಿ ತೊಟ್ಟು ಕೂತರು. ಮೀಟರ್ ಹಿಡಿದರೆ ವೋಲ್ಟೇಜ್ ಇದೆ. ಕೀ ತಿರುಗಿಸಿದರೆ ಬೀಳುತ್ತದೆ. "ಬ್ಯಾಟರಿ ಹೊಸದು. ಅಂದ್ರೆ ಮೋಟಾರೇ ಜಾಸ್ತಿ ಎಳೀತಿದೆ" ಎಂದು ಸ್ಟಾರ್ಟರ್ ಮೋಟಾರನ್ನು ಬಿಚ್ಚಿದರು. ಕಾರ್ಬನ್ ಉಜ್ಜಿದರು, ಮತ್ತೆ ಜೋಡಿಸಿದರು. ಟಿಕ್. ಮತ್ತೆ ಬಿಚ್ಚಿದರು. ಕ್ಯಾಲೆಂಡರ್ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಮೂಗು ತಾಗಿಸಿ ಒಂದೊಂದು ಗೆರೆಯ ಮೇಲೆ ಬೆರಳು ಎಳೆದರು. ತಳ್ಳಿ ನೋಡೋಣವೆಂದರೆ ವರ್ಷವರ್ಷ ಡಾಂಬರು ಬಳಿದು ಬಳಿದು ರಸ್ತೆ ನಮ್ಮ ಶೆಡ್ಡಿಗಿಂತ ಎರಡಡಿ ಮೇಲಕ್ಕೆ ಹೋಗಿದೆ. ಪಕ್ಕದ ಮನೆಯವರು, "ಸಾರ್, ನನ್ನ ಕಾರಿಂದ ಒಂದ್ಸಲ ಜಂಪ್ ಕೊಟ್ಟು ನೋಡೋಣ್ವಾ?" ಎಂದು ಕೇಳಿದರು. ಇವರು ನಕ್ಕುಬಿಟ್ಟರು. "ಬ್ಯಾಟರಿದೇನೂ ಇಲ್ಲ ಕಣ್ರೀ. ನಮ್ಮನೆಯವಳೇ ನೋಡಿ ತಂದಿರೋದು." ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡೆ. ಆಗಲೂ ಬಾಯಿ ಬಿಡಲಿಲ್ಲ.

ಎರಡನೆಯ ವಾರ ಖಾಕಿ ಅಂಗಿ ಒಗೆಯಲು ಹಾಕಿದರು. ಪಕ್ಕದ ಮನೆಯಾಕೆ ಮಿಕ್ಸಿ ಹಿಡಿದು ಬಂದಳು. ನಮ್ಮ ಬೀದಿಯ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳೆಲ್ಲ ರಿಪೇರಿಗೆ ಬರುತ್ತಿದ್ದದ್ದು ಇವರ ಬಳಿಗೇ. ಇವರು ಅದನ್ನು ಕೈಗೂ ತೆಗೆದುಕೊಳ್ಳದೆ, "ಬೇರೆ ಯಾರ್ಗಾದ್ರೂ ತೋರ್ಸಮ್ಮ. ನನಗೀಗ ಕೆಲಸ ಮರ್ತೋಗಿದೆ" ಎಂದರು. ಆಕೆ ತಮಾಷೆಯೆಂದುಕೊಂಡು ನಕ್ಕಳು. ಇವರು ನಗಲಿಲ್ಲ. ಅದೇ ವಾರ ನಮ್ಮ ಬಚ್ಚಲಿನ ಸ್ವಿಚ್ಚು ಕೆಟ್ಟಿತು. ಇವರೇ ಫೋನು ಮಾಡಿ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಅವನು ಮಾಡುವಷ್ಟು ಹೊತ್ತೂ ಪಡಸಾಲೆಯಲ್ಲಿ ಕೂತಿದ್ದರು. ಎದ್ದು ಹೋಗಿ ನೋಡಲೂ ಇಲ್ಲ.

ಅವತ್ತೇ ಹೇಳಬಹುದಿತ್ತು. ಹೇಳಿದರೆ ಒಳ್ಳೇ ಬ್ಯಾಟರಿ ತರುತ್ತಾರೆ, ಮತ್ತೆ ರಸ್ತೆಗಿಳಿಯುತ್ತಾರೆ ಎಂದು ಭಯ. ಅದು ನಿಜವಾದ ಭಯವೇ. ಆದರೆ ಅದರ ಕೆಳಗೆ ಇನ್ನೊಂದಿತ್ತು. ನನ್ನ ಬಗ್ಗೆ ಇವರಿಗಿದ್ದ ನಂಬಿಕೆ ಹೋಗಿಬಿಡುತ್ತದಲ್ಲ ಎಂಬ ಸ್ವಾರ್ಥ. ನನ್ನ ಮರ್ಯಾದೆ ಉಳಿಯಲೆಂದು ಅವರ ಮರ್ಯಾದೆ ಕರಗುವುದನ್ನು ದಿನವೂ ನೋಡುತ್ತ ಅನ್ನ ಬಡಿಸಿದೆ.

ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಮರೆವಿನ ಡಾಕ್ಟ್ರ ಹತ್ರ ಒಂದ್ಸಲ ಹೋಗ್ಬರೋಣ" ಎಂದರು. ನಾನು ಬೇಡವೆಂದೆ. ಅವರು ಆಗಲೇ ಆಸ್ಪತ್ರೆಗೆ ಫೋನು ಮಾಡಿ ಹೆಸರು ಬರೆಸಿಯಾಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಇವತ್ತು ಯಾವ ವಾರ, ಯಾವ ತಾರೀಖು ಎಂದು ತಮಗೆ ತಾವೇ ಮೆಲ್ಲಗೆ ಹೇಳಿಕೊಂಡರು. ನೂರರಿಂದ ಏಳೇಳು ಕಳೆಯುತ್ತ ಬಂದರು. ಎಪ್ಪತ್ತೊಂಬತ್ತರಲ್ಲಿ ನಿಂತು, "ಸರಿ ತಾನೇ?" ಎಂದು ನನ್ನನ್ನು ಕೇಳಿದರು. ಸರಿಯಾಗಿಯೇ ಇತ್ತು.

ಒಳಗೆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೇಳಿದ್ದಕ್ಕೆಲ್ಲ ಇವರು ಟಕಟಕನೆ ಉತ್ತರ ಕೊಟ್ಟರು. "ಚೆನ್ನಾಗೇ ಇದೀರಲ್ಲ ಸಾರ್, ಮರೆವು ಅಂತ ಯಾಕನ್ನಿಸ್ತು ನಿಮಗೆ?" ಎಂದು ಆಕೆ ಕೇಳಿದಳು.

ಇವರು ಮುಂದಕ್ಕೆ ಬಗ್ಗಿ ಕೂತರು. "ನಾನೇ ವೈರಿಂಗ್ ಮಾಡಿರೋ ಕಾರು ಮೇಡಂ. ಬ್ಯಾಟರಿ ಹೊಸದು. ಮೋಟಾರ್ ಮೂರು ಸಲ ಬಿಚ್ಚಿದೆ. ತಪ್ಪು ಎಲ್ಲಿದೆ ಅಂತ ಸಿಗ್ತಿಲ್ಲ. ಮೂವತ್ತಾರು ವರ್ಷ ಇದೇ ಕೆಲಸ ಮಾಡ್ದೋನು ನಾನು. ತಲೇಲಿ ಏನೋ ಹೋಗಿದೆ."

ಡಾಕ್ಟರು ನನ್ನತ್ತ ತಿರುಗಿದಳು. "ನೀವೇನಾದ್ರೂ ಗಮನಿಸಿದೀರಾ ಅಮ್ಮ?"

ಪೆನ್ನು ಹಿಡಿದು ನನ್ನ ಉತ್ತರ ಬರೆದುಕೊಳ್ಳಲು ಕಾಯುತ್ತಿದ್ದಳು. ನಾನು ನೆಲ ನೋಡುತ್ತ ಹೇಳಿದೆ. "ಬ್ಯಾಟರಿ ಹೊಸದಲ್ಲ. ಕೆಟ್ಟಿರೋದು. ಗೊತ್ತಿದ್ದೇ ತಂದೆ. ಇವರು ಓಡಿಸಬಾರದು ಅಂತ."

ಪೆನ್ನು ನಿಂತಿತು. ಆ ಹುಡುಗಿಯ ಮುಂದೆ ಇವರು ಬೈಯಲಿ, ಎದ್ದು ಹೋಗಲಿ ಎಂದು ಮೈಯೆಲ್ಲ ಬಿಗಿ ಹಿಡಿದು ಕೂತೆ. ಇವರು ನನ್ನತ್ತ ತಿರುಗಿದರು.

"ಹಾಗಾದ್ರೆ ವೈರಿಂಗ್ ಸರಿ ಇತ್ತಾ?"

"ಇತ್ತು ರೀ."

"ಮೋಟಾರು?"

"ಅದೂ ಸರಿ ಇತ್ತು."

ಇವರ ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಪರೀಕ್ಷೆ ಪಾಸಾದ ಹುಡುಗನಂತೆ ಡಾಕ್ಟರತ್ತ ತಿರುಗಿ, "ಬರ್ಕೊಳ್ಳಿ ಮೇಡಂ, ವೈರಿಂಗ್ ಸರಿ ಇತ್ತಂತೆ" ಎಂದರು. ಆಕೆ ನನ್ನ ಮುಖ ನೋಡದೆ ಫೈಲು ಮುಚ್ಚಿದಳು. ಅಷ್ಟು ನಾಚಿಕೆ ನಾನು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಬಂದಾಗ, "ಬೈದ್ಬಿಡಿ" ಎಂದೆ.

"ಬೈಯೋದೇನು. ಒಳ್ಳೇದು ತಂದಿದ್ರೆ ಓಡಿಸ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ? ಇನ್ಮೇಲೆ ಕೀ ನಿನ್ನ ಹತ್ರಾನೇ ಇಟ್ಕೋ." ಕಂಬಿಗೆ ಕೈ ತಡಕುತ್ತ ನಿಂತರು. "ಕಣ್ಣು ಹೋಗ್ತಿದೆ ಅಂತ ನಂಗೊತ್ತಿತ್ತು ಕಣೇ. ಅದಕ್ಕೆ ರೆಡಿ ಇದ್ದೆ. ಕೈಯೂ ಹೋಯ್ತು ಅಂದ್ಕೊಂಡಿದ್ದೆ."

ಎರಡು ಮೆಟ್ಟಿಲು ಇಳಿದು ಮತ್ತೆ ನಿಂತರು.

"ಇನ್ನೊಂದ್ಸಲ ಹೇಳು."

"ಏನು?"

"ವೈರಿಂಗ್ ಸರಿ ಇತ್ತು ಅಂತ."

ಹತ್ತುವವರು ಇಳಿಯುವವರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಅಲ್ಲೇ ನಿಂತು ಹೇಳಿದೆ.